ಮನೆ ಹೋದರೂ ಮುಗಿಯದ ಸಾಲ: ಹರಿಶ್ಚಂದ್ರನ ಕತೆಯ ಇನ್ನೊಂದು ಓದು

ಹರಿಶ್ಚಂದ್ರನ ಕತೆಯನ್ನು ಕನ್ನಡಿಗರು ಸತ್ಯದ ಕತೆ ಎಂದು ಓದುತ್ತ, ಕೇಳುತ್ತ, ನೋಡುತ್ತ ಬಂದಿದ್ದಾರೆ. ಹಂಪೆಯ ರಾಘವಾಂಕ ಅದನ್ನು ಷಟ್ಪದಿಯಲ್ಲಿ ಬರೆದ. ಹರಿಕತೆಯ ದಾಸರು ಅದನ್ನು ಗುಡಿಯ ಅಂಗಳಕ್ಕೆ ತಂದರು, ನಾಟಕ ಕಂಪನಿಗಳು ಊರೂರಿಗೆ ಒಯ್ದವು. 1943ರಲ್ಲಿ ಆರ್. ನಾಗೇಂದ್ರರಾಯರು, 1965ರಲ್ಲಿ ಹುಣಸೂರು ಕೃಷ್ಣಮೂರ್ತಿಯವರು ಅದನ್ನು ಸಿನಿಮಾ ಮಾಡಿದರು. ರಾಜ್‌ಕುಮಾರ್ ನಟಿಸಿದ ಎರಡನೆಯ ಚಿತ್ರ 2008ರಲ್ಲಿ ಬಣ್ಣ ತುಂಬಿಕೊಂಡು ಮತ್ತೆ ತೆರೆಗೆ ಬಂತು. ಬಾಲಕ ಗಾಂಧಿಯ ಮನಸ್ಸಿನ ಮೇಲೆ ಹರಿಶ್ಚಂದ್ರ ನಾಟಕ ಮಾಡಿದ ಪರಿಣಾಮ ಎಲ್ಲರಿಗೂ ಗೊತ್ತಿರುವಂಥದ್ದು. ಇಷ್ಟೆಲ್ಲ ಆದರೂ ಈ ಕತೆಯ ಒಂದು ಮುಖವನ್ನು ನಾವು ಸರಿಯಾಗಿ ನೋಡಿಲ್ಲ. ಇದು ಮನೆ ಕಳೆದುಕೊಂಡವನ ಸಾಲದ ಕತೆ. ಮನೆ ಹೋದ ಮೇಲೂ ಸಾಲ ಹೋಗುವುದಿಲ್ಲ, ಅದು ಊರು ಬಿಟ್ಟವನ ಬೆನ್ನು ಹತ್ತಿ ಪರವೂರಿಗೂ ಬರುತ್ತದೆ, ಕೊನೆಗೆ ಮಡದಿ ಮಕ್ಕಳನ್ನೂ ಕೇಳುತ್ತದೆ ಎಂಬುದನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಹೇಳಿದ ಇನ್ನೊಂದು ಕತೆ ನಮ್ಮಲ್ಲಿ ಇರಲಾರದು.

ರಾಘವಾಂಕನ ಕಾವ್ಯದಲ್ಲಿ ಈ ಸಾಲದ ಲೆಕ್ಕ ಬಹಳ ಸ್ಪಷ್ಟವಾಗಿದೆ. ಹರಿಶ್ಚಂದ್ರ ಸತ್ಯವಂತನೇ ಅಲ್ಲವೇ ಎಂದು ವಸಿಷ್ಠ ವಿಶ್ವಾಮಿತ್ರರಲ್ಲಿ ಪಂಥವಾಗುತ್ತದೆ. ವಿಶ್ವಾಮಿತ್ರ ಯಾಗದ ನೆಪದಲ್ಲಿ ಅಪಾರ ಹೊನ್ನನ್ನು ಕೇಳುತ್ತಾನೆ. ಅರಸ ಒಪ್ಪುತ್ತಾನೆ. ಆದರೆ ಮುನಿ ಆ ಹೊನ್ನನ್ನು ಆಗಲೇ ಒಯ್ಯುವುದಿಲ್ಲ, ಸದ್ಯಕ್ಕೆ ನಿನ್ನಲ್ಲಿಯೇ ಇರಲಿ ಎಂದು ಬಿಟ್ಟುಹೋಗುತ್ತಾನೆ. ಮುಂದೆ ಬೇಟೆಯ ಪ್ರಸಂಗ ಬರುತ್ತದೆ. ಮುನಿಯೇ ಹುಟ್ಟಿಸಿ ಕಳಿಸಿದ ಇಬ್ಬರು ಹಾಡುವ ಹೆಣ್ಣುಮಕ್ಕಳನ್ನು ಮದುವೆಯಾಗು, ಇಲ್ಲವೇ ರಾಜ್ಯ ಕೊಡು ಎಂಬ ಒತ್ತಾಯ ಬರುತ್ತದೆ. ಕುಲದ ಕಾರಣ ಹೇಳಿ ಅವರನ್ನು ನಿರಾಕರಿಸುವ ಅರಸ ರಾಜ್ಯವನ್ನೇ ಕೊಟ್ಟುಬಿಡುತ್ತಾನೆ. ಆ ನಿರಾಕರಣೆಯಲ್ಲಿರುವ ಜಾತಿಯ ಅಹಂಕಾರ ಬೇರೆಯೇ ಚರ್ಚೆಗೆ ತಕ್ಕದ್ದು. ನಮ್ಮ ಮಾತಿಗೆ ಬೇಕಾದದ್ದು ಆಮೇಲಿನದು. ರಾಜ್ಯ ಕೊಟ್ಟು ಹೊರಟವನನ್ನು ತಡೆದು ಮುನಿ ಹಳೆಯ ಹೊನ್ನನ್ನು ಕೇಳುತ್ತಾನೆ. ಆ ಹೊನ್ನು ಇದ್ದದ್ದು ಭಂಡಾರದಲ್ಲಿ. ಭಂಡಾರ ರಾಜ್ಯದ ಜೊತೆಗೆ ಮುನಿಯ ಪಾಲಾಗಿದೆ. ಕೊಡಬೇಕಾದ ಹಣ ಕೇಳುವವನ ಕೈಯಲ್ಲಿಯೇ ಇದೆ. ಆದರೂ ಸಾಲ ಮಾತ್ರ ಅರಸನ ತಲೆಯ ಮೇಲೆ ಹಾಗೆಯೇ ಉಳಿದಿದೆ!

ಇದು ಪುರಾಣದ ಚಮತ್ಕಾರ ಎಂದು ತಳ್ಳಿಹಾಕುವವರು ಬೆಂಗಳೂರಿನ ಭೋಗ್ಯದ ವ್ಯವಹಾರವನ್ನು ಒಮ್ಮೆ ನೋಡಬೇಕು. ವಿಶ್ವೇಶ್ವರಪುರಂ, ಬಸವನಗುಡಿ, ಚಾಮರಾಜಪೇಟೆ, ಮಾವಳ್ಳಿಯಂಥ ಹಳೆಯ ಬಡಾವಣೆಗಳ ವಠಾರಗಳಿಗೂ ಮಹಡಿ ಮನೆಗಳಿಗೂ ಈ ಪದ್ಧತಿ ಹೊಸದಲ್ಲ. ತಿಂಗಳ ಬಾಡಿಗೆಯ ಬದಲು ಕೆಲವು ಲಕ್ಷ ರೂಪಾಯಿಗಳನ್ನು ಒಂದೇ ಗಂಟಾಗಿ ಮನೆಯ ಮಾಲೀಕನಿಗೆ ಕೊಡುವುದು, ಎರಡೋ ಮೂರೋ ವರ್ಷ ವಾಸವಾಗಿದ್ದು ಬಿಡುವಾಗ ಗಂಟನ್ನು ವಾಪಸು ಪಡೆಯುವುದು. ಆಟೋ ಓಡಿಸುವವರು, ದರ್ಜಿಗಳು, ಸಣ್ಣ ಅಂಗಡಿಯವರು, ನಿವೃತ್ತರು ಈ ಗಂಟನ್ನು ಹೊಂದಿಸುವುದು ಒಡವೆ ಅಡವಿಟ್ಟು, ಚೀಟಿ ಎತ್ತಿ, ಕೈಸಾಲ ಮಾಡಿ. ಬಾಡಿಗೆ ಉಳಿಯಿತು ಎಂಬ ಸಮಾಧಾನದಲ್ಲಿರುವಾಗ ಒಂದು ಬೆಳಿಗ್ಗೆ ಬ್ಯಾಂಕಿನವರು ಬಂದು ಬಾಗಿಲಿಗೆ ನೋಟೀಸು ಅಂಟಿಸುತ್ತಾರೆ. ಮಾಲೀಕ ಅದೇ ಮನೆಯ ಮೇಲೆ ಸಾಲ ತೆಗೆದು ಕಂತು ಕಟ್ಟಿರುವುದಿಲ್ಲ. ನೋಂದಣಿಯಾಗದ ಭೋಗ್ಯದ ಕರಾರುಪತ್ರ ಬ್ಯಾಂಕಿನ ಮುಂದೆ ಹೆಚ್ಚು ಬಾಳುವುದಿಲ್ಲ. ಮನೆ ಹೋಯಿತು. ಕೊಟ್ಟ ಗಂಟು ಮನೆಯೊಳಗೇ ಉಳಿಯಿತು. ಗಂಟು ಹೊಂದಿಸಲು ಮಾಡಿದ ಸಾಲ ಮಾತ್ರ ಮನೆಯವರ ಜೊತೆಗೆ ಬೀದಿಗೆ ಬಂತು. ಹರಿಶ್ಚಂದ್ರನ ಭಂಡಾರದ ಲೆಕ್ಕಕ್ಕೂ ಇದಕ್ಕೂ ಏನು ವ್ಯತ್ಯಾಸವಿದೆ?

ಅರಸ ಹೋಗಿ ಸೇರಿದ ಕಾಶಿಯೂ ವಿಶ್ವೇಶ್ವರನ ಪುರವೇ. ಬೆಂಗಳೂರಿನ ವಿಶ್ವೇಶ್ವರಪುರಂ ಹೆಸರು ಪಡೆದದ್ದು ಸರ್ ಎಂ. ವಿಶ್ವೇಶ್ವರಯ್ಯನವರಿಂದ, ಆದ್ದರಿಂದ ಹೆಸರಿನ ಹೋಲಿಕೆ ಆಕಸ್ಮಿಕ. ಆದರೆ ಸಜ್ಜನರಾವ್ ವೃತ್ತದ ತಿಂಡಿ ಬೀದಿಯ ಗದ್ದಲದ ನಡುವೆ, ಅನಕೃ ಅವರ ಹೆಸರಿನ ರಸ್ತೆಯ ಆಸುಪಾಸಿನಲ್ಲಿ, ಸುಖವಾಗಿ ಬಾಳುತ್ತಿರುವಂತೆ ಕಾಣುವ ಮಧ್ಯಮ ವರ್ಗದ ಬಾಗಿಲುಗಳ ಹಿಂದೆಯೂ ಸಾಲದ ಗುಟ್ಟುಗಳಿವೆ. ಸಾಲ ಬರುವುದು ದುಂದುಗಾರರಿಗೆ ಮಾತ್ರ ಎಂಬ ನಂಬಿಕೆ ತಪ್ಪು. 2019ರ ಜೂನ್‌ನಲ್ಲಿ ಐಎಂಎ ಸಂಸ್ಥೆ ಬಾಗಿಲು ಹಾಕಿದಾಗ ಸಾವಿರಾರು ಮುಸ್ಲಿಂ ಕುಟುಂಬಗಳ ಉಳಿತಾಯ ಮುಳುಗಿತು. 2020ರ ಜನವರಿಯಲ್ಲಿ ಬಸವನಗುಡಿಯ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಠೇವಣಿದಾರರು 35 ಸಾವಿರ ರೂಪಾಯಿಗಿಂತ ಹೆಚ್ಚು ತೆಗೆಯಲಾಗದೆ ನಿಂತರು. ಮಗಳ ಮದುವೆಗೆ, ಆಪರೇಷನ್ನಿಗೆ, ಮನೆಯ ಕಂತಿಗೆ ಎಂದು ಇಟ್ಟ ಹಣ ಕೈಗೆ ಸಿಗದಿದ್ದಾಗ ಮನುಷ್ಯ ಸಾಲದ ಬಾಗಿಲು ತಟ್ಟದೆ ಏನು ಮಾಡುತ್ತಾನೆ? ಜುಬ್ಬಾ ಹಾಕಿದವನಿಗೂ ಪಂಚೆ ಉಟ್ಟವನಿಗೂ ಈ ವಿಷಯದಲ್ಲಿ ಭೇದವಿಲ್ಲ.

ಮನೆ ಹೋದರೆ ಸಾಲ ತೀರಿತು ಎಂದು ಬಹಳ ಜನ ತಿಳಿದಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ. 2002ರ ಸರ್ಫೇಸಿ ಕಾಯ್ದೆಯಂತೆ ಬ್ಯಾಂಕು ಕೋರ್ಟಿಗೆ ದಾವೆ ಹಾಕದೆಯೇ 60 ದಿನಗಳ ನೋಟೀಸು ಕೊಟ್ಟು ಅಡಮಾನದ ಮನೆಯನ್ನು ಸ್ವಾಧೀನಕ್ಕೆ ತೆಗೆದುಕೊಳ್ಳಬಹುದು. ಸ್ವಾಧೀನದ ಸೂಚನೆಯನ್ನು ಎರಡು ಪತ್ರಿಕೆಗಳಲ್ಲಿ, ಅದರಲ್ಲೊಂದು ಸ್ಥಳೀಯ ಭಾಷೆಯದು, ಪ್ರಕಟಿಸಬೇಕು. ನಮ್ಮ ದಿನಪತ್ರಿಕೆಗಳ ಒಳಪುಟಗಳಲ್ಲಿ ಹೆಸರು, ವಿಳಾಸ, ಬಾಕಿ, ಮನೆಯ ಚಕ್ಕುಬಂದಿ ಸಮೇತ ಅಚ್ಚಾಗುವ ಆ ಚೌಕಗಳನ್ನು ಓದುಗರು ಕಂಡಿರುತ್ತಾರೆ. ಸಾಹಿತ್ಯದಲ್ಲಿ ದಾಖಲಾಗದ ಎಷ್ಟೋ ಮನೆಗಳ ಕತೆ ಅಲ್ಲಿ ನಾಲ್ಕು ದಿಕ್ಕುಗಳ ಗಡಿಯಾಗಿ ಮುಗಿಯುತ್ತದೆ. ಹರಾಜಿನಲ್ಲಿ ಬಂದ ಹಣ ಬಾಕಿಗೆ ಸಾಲದಿದ್ದರೆ ಉಳಿದದ್ದನ್ನು ಸಾಲಗಾರನಿಂದ ವಸೂಲು ಮಾಡುವ ಹಕ್ಕು ಬ್ಯಾಂಕಿಗೆ ಇದ್ದೇ ಇರುತ್ತದೆ. ಜಾಮೀನು ಹಾಕಿದವನೂ ತಪ್ಪಿಸಿಕೊಳ್ಳಲಾರ. 1872ರ ಕರಾರು ಕಾಯ್ದೆಯ ಪ್ರಕಾರ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು.

ಈ ಜಾಮೀನಿನ ಮಾತು ಹರಿಶ್ಚಂದ್ರನಿಗೆ ಇನ್ನೂ ಹತ್ತಿರದ್ದು. ಅವನು ವಿಶ್ವಾಮಿತ್ರನಿಂದ ಒಂದು ಕಾಸನ್ನೂ ಪಡೆದಿರಲಿಲ್ಲ. ಅವನು ಕೊಟ್ಟದ್ದು ಬರಿಯ ಮಾತು. ಭಾವಮೈದುನನಿಗೋ ಗೆಳೆಯನಿಗೋ ಸಹಿ ಹಾಕಿ ಮನೆ ಕಳೆದುಕೊಂಡವರು ನಮ್ಮ ನಡುವೆ ಎಷ್ಟಿಲ್ಲ! ಅವರ ಕೈಗೂ ಒಂದು ರೂಪಾಯಿ ಬಂದಿರುವುದಿಲ್ಲ. ಇಲ್ಲ ಎನ್ನಲಾರದ ದಾಕ್ಷಿಣ್ಯವೇ ಅವರ ಅಪರಾಧ.

ಇನ್ನು ನಕ್ಷತ್ರಿಕನ ವಿಚಾರ. ಸಾಲ ಕೊಟ್ಟವನು ತಾನಾಗಿ ಬೆನ್ನು ಹತ್ತುವುದಿಲ್ಲ, ತನ್ನ ಶಿಷ್ಯನನ್ನು ಕಳಿಸುತ್ತಾನೆ. ಕಾಡಿನ ದಾರಿಯಲ್ಲಿ ಹಸಿವು, ಬಾಯಾರಿಕೆ, ದಣಿವು ಎಂದು ನೂರು ನೆಪ ತೆಗೆದು, ಚುಚ್ಚಿ, ಹಂಗಿಸಿ, ಅರಸನ ಮನಸ್ಸು ಮುರಿಯುವುದು ಅವನ ಕೆಲಸ. ದಕ್ಷಿಣದ ರಂಗಭೂಮಿಯಲ್ಲಿ ಪ್ರಚಲಿತವಾದ ಒಂದು ರೂಪದಲ್ಲಿ ಮಡದಿ ಮಗನನ್ನು ಮಾರಿದ ಹಣವನ್ನೆಲ್ಲ ಅವನು ತನ್ನ ದಾರಿಖರ್ಚಿಗೆ, ವಸೂಲಿಯ ಕೂಲಿಗೆ ಎಂದು ಎತ್ತಿಕೊಳ್ಳುತ್ತಾನೆ. ಅಸಲು ಹಾಗೆಯೇ ಉಳಿಯುತ್ತದೆ. ಕಟ್ಟಿದ ಹಣವೆಲ್ಲ ದಂಡಕ್ಕೆ, ಬಡ್ಡಿಗೆ, ನೋಟೀಸಿನ ಖರ್ಚಿಗೆ ಜಮೆಯಾಗಿ ಅಸಲು ಕದಲದಿರುವುದನ್ನು ಪಾಸ್‌ಬುಕ್ಕಿನಲ್ಲಿ ನೋಡಿ ಕಂಗಾಲಾದವರಿಗೆ ಈ ದೃಶ್ಯಕ್ಕೆ ವ್ಯಾಖ್ಯಾನ ಬೇಡ. ಕನ್ನಡ ಮಾತಿನಲ್ಲಿ ‘ನಕ್ಷತ್ರಿಕನ ಕಾಟ’ ಎಂಬ ನುಡಿ ನಿಂತಿರುವುದೇ ಆ ಪಾತ್ರದ ಸತ್ಯಕ್ಕೆ ಸಾಕ್ಷಿ.

ಆದರೆ 1965ರ ಚಿತ್ರದಲ್ಲಿ ನಕ್ಷತ್ರಿಕನಾಗಿ ಬಂದವರು ನರಸಿಂಹರಾಜು. ಆ ಮಹಾನ್ ಹಾಸ್ಯನಟನ ಪ್ರತಿಭೆಯ ಬಗ್ಗೆ ನಮಗೆ ಎರಡು ಮಾತಿಲ್ಲ. ದುಃಖದ ಕತೆಗೆ ಪ್ರೇಕ್ಷಕನಿಗೆ ಉಸಿರಾಡಲು ನಗೆ ಬೇಕೆಂಬುದೂ ನಿಜ. ಆದರೂ ಕೇಳಬೇಕಾದ ಪ್ರಶ್ನೆ ಒಂದಿದೆ. ಕಾಟ ಕೊಡುವವನನ್ನು ನೋಡಿ ನಾವು ನಗುತ್ತಿರುವಾಗ ಕಾಟ ತಿನ್ನುವವನ ಅವಮಾನ ಎಲ್ಲಿ ಹೋಯಿತು? ನಾಟಕ ಸಿನಿಮಾಗಳು ವಸೂಲಿಗಾರನನ್ನು ವಿನೋದವಾಗಿಸಿದವು, ಸಾಲಗಾರನನ್ನು ಮಹಾತ್ಮನಾಗಿಸಿದವು. ಎರಡೂ ಸೇರಿ ಸಾಲದ ಕ್ರೌರ್ಯ ಕಾಣದಂತಾಯಿತು. ಬೀದಿಯಲ್ಲಿ ನಿಂತು ಹೆಸರು ಹಿಡಿದು ಕೂಗುವುದು, ಮಗಳ ಗಂಡನ ಮನೆಗೆ ಫೋನು ಮಾಡುವುದು, ಕೆಲಸದ ಜಾಗಕ್ಕೆ ಬಂದು ಕೂರುವುದು, ಇವು ಯಾವುವೂ ವಿನೋದವಲ್ಲ. ಸಾಲಗಾರರಿಗೆ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗೆ ಕರೆ ಮಾಡಕೂಡದು, ಬೆದರಿಕೆ ಹಾಕಕೂಡದು, ಏಜೆಂಟರ ನಡತೆಗೆ ಸಾಲ ಕೊಟ್ಟ ಸಂಸ್ಥೆಯೇ ಹೊಣೆ ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಸ್ಪಷ್ಟಪಡಿಸಿತು. ಅಂದರೆ ನಕ್ಷತ್ರಿಕನ ಕಾಟಕ್ಕೆ ವಿಶ್ವಾಮಿತ್ರನೇ ಉತ್ತರ ಹೇಳಬೇಕು. ಈ ಸಂಗತಿ ಎಷ್ಟು ಸಾಲಗಾರರಿಗೆ ಗೊತ್ತಿದೆ?

ಕತೆಯ ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಕಾಶಿಯಲ್ಲಿ ವೀರಬಾಹುವಿಗೆ ತನ್ನನ್ನು ಮಾರಿಕೊಂಡ ಹರಿಶ್ಚಂದ್ರ ಸುಡುಗಾಡಿನ ಕಾವಲುಗಾರನಾಗುತ್ತಾನೆ. ಹಾವು ಕಚ್ಚಿ ಸತ್ತ ಮಗನನ್ನು ಹೊತ್ತು ತಂದ ಚಂದ್ರಮತಿಯನ್ನೂ ಅವನು ಸುಂಕ ಕೇಳುತ್ತಾನೆ. ಸಾಲಗಾರನಾಗಿ ಬಂದವನೇ ಈಗ ವಸೂಲಿಗಾರ. ಕವಿ ಇದನ್ನು ಒಡೆಯನಿಗೆ ತೋರಿದ ನಿಷ್ಠೆ ಎಂದು ಕೊಂಡಾಡುತ್ತಾನೆ. ನಾವು ಇದನ್ನು ಸಾಲದ ಕೊನೆಯ ಗೆಲುವು ಎಂದು ಓದುತ್ತೇವೆ. ಇಂದು ಬೈಕಿನ ಮೇಲೆ ವಸೂಲಿಗೆ ಬರುವ ಹುಡುಗನೂ ಎಷ್ಟೋ ಸಲ ಆ ಬೈಕಿನ ಕಂತು ಕಟ್ಟಬೇಕಾದವನೇ.

ಚಂದ್ರಮತಿಯ ಬಗ್ಗೆ ವಿಮರ್ಶೆ ಹೇಳಿದ್ದೆಲ್ಲ ಅವಳ ಪಾತಿವ್ರತ್ಯದ ಸುತ್ತಲೇ ತಿರುಗಿದೆ. ಆದರೆ ಸಾಲದ ಕತೆಯಲ್ಲಿ ಮೊದಲು ಮಾರಾಟವಾಗುವವಳು ಅವಳು. ಸಾಲ ಅವಳದಲ್ಲ, ಮಾತು ಅವಳದಲ್ಲ. ಇಂದಿನ ಕಿರು ಸಾಲದ ಸಂಘಗಳಲ್ಲಿಯಾದರೋ ಸಾಲವೇ ಹೆಂಗಸಿನ ಹೆಸರಿನಲ್ಲಿ ಬರುತ್ತದೆ. ಒಬ್ಬಳು ಕಟ್ಟದಿದ್ದರೆ ಗುಂಪಿನ ಉಳಿದವರು ಕಟ್ಟಬೇಕು. ಆದ್ದರಿಂದ ಅಕ್ಕಪಕ್ಕದ ಹೆಂಗಸರೇ ಒಬ್ಬರಿಗೊಬ್ಬರು ನಕ್ಷತ್ರಿಕರಾಗಬೇಕಾಗುತ್ತದೆ. 2025ರ ಜನವರಿಯಲ್ಲಿ ಚಾಮರಾಜನಗರ, ರಾಮನಗರ, ಹಾವೇರಿ, ಬೆಳಗಾವಿ ಜಿಲ್ಲೆಗಳಿಂದ ಬಂದ ವರದಿಗಳನ್ನು ನೆನೆಯಿರಿ. ಬೀಗ ಜಡಿದು ರಾತ್ರೋರಾತ್ರಿ ಊರು ಬಿಟ್ಟ ಕುಟುಂಬಗಳು, ಈ ಮನೆ ಅಡಮಾನವಾಗಿದೆ ಎಂದು ಗೋಡೆಯ ಮೇಲೆ ಬರೆಸಿಕೊಂಡ ಮನೆಗಳು. ಮನೆಯ ಸಾಲ ತೀರಿಸಲು ತನ್ನ ಕಿಡ್ನಿ ಮಾರಲು ಅನುಮತಿ ಕೊಡಿ ಎಂದು ಚಾಮರಾಜನಗರ ಜಿಲ್ಲೆಯ ಬಾಲಕನೊಬ್ಬ ಕೇಳಿದ್ದೂ ಆಗ ಸುದ್ದಿಯಾಯಿತು. ಲೋಹಿತಾಶ್ವ ಪುರಾಣದಲ್ಲಿ ಮಾತ್ರ ಇದ್ದಾನೆಂದು ಯಾರು ಹೇಳಿದರು?

ಆ ವರದಿಗಳ ಬೆನ್ನಿಗೆ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಕಿರು ಸಾಲ ವಸೂಲಿಯ ಬಲಾತ್ಕಾರ ತಡೆಯುವ ಸುಗ್ರೀವಾಜ್ಞೆ ತಂದಿತು. ಅದರಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿಯವರೆಗೆ ದಂಡದ ಮಾತಿದೆ. ನೋಂದಣಿ ಇಲ್ಲದ ಲೇವಾದೇವಿದಾರರಿಂದ ದುರ್ಬಲ ವರ್ಗದವರು ಪಡೆದ ಸಾಲಕ್ಕೆ ಅದು ಮುಕ್ತಿ ಹೇಳಿತು, ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಸಂಸ್ಥೆಗಳನ್ನು ಹೊರಗಿಟ್ಟಿತು. ಇದಕ್ಕೆ ಮೊದಲು ದೇವರಾಜ ಅರಸು ಅವರ ಕಾಲದ 1976ರ ಋಣ ಪರಿಹಾರ ಕಾಯ್ದೆ, ಮೀಟರ್ ಬಡ್ಡಿಗೆ ಕಡಿವಾಣ ಹಾಕಲು ಬಂದ 2004ರ ಕಾಯ್ದೆ, 2018ರ ಋಣ ಪರಿಹಾರ ಕಾಯ್ದೆ ಇವೆ. ಕಾವ್ಯದ ಕೊನೆಯಲ್ಲಿ ಎತ್ತಿದ ಕತ್ತಿಯ ಮುಂದೆ ಶಿವ ಪ್ರತ್ಯಕ್ಷನಾಗುತ್ತಾನೆ, ರಾಜ್ಯ ಮರಳಿ ಬರುತ್ತದೆ. ನಮ್ಮ ಸಾಲಗಾರರ ಪಾಲಿಗೆ ಬರಬೇಕಾದದ್ದು ಕಾನೂನು. ಅದು ಬರುವ ಹೊತ್ತಿಗೆ ಹಲವರ ಕತ್ತಿ ಇಳಿದಾಗಿರುತ್ತದೆ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಕೊಡಲಾಗದವನೂ ಕೊಡದವನೂ ಒಂದೇ ಏನು? ಹರಿಶ್ಚಂದ್ರನ ಕತೆ ಜನಮನದಲ್ಲಿ ಬಿತ್ತಿದ ಒಂದು ಭಾವನೆಯೆಂದರೆ ಸಾಲ ತೀರಿಸದಿರುವುದು ಸುಳ್ಳು ಹೇಳಿದಂತೆ. ಏನನ್ನಾದರೂ ಮಾರಿ, ಯಾರನ್ನಾದರೂ ಮಾರಿ ತೀರಿಸಿದವನು ಸತ್ಯವಂತ, ಕೈಚೆಲ್ಲಿದವನು ಮೋಸಗಾರ. ‘ಪಾಪರ್’, ‘ದಿವಾಳಿ’ ಎಂಬ ಮಾತುಗಳು ನಮ್ಮಲ್ಲಿ ಬೈಗುಳಗಳಾಗಿವೆ. ಈ ಭಾವನೆಯ ಭಾರ ಹೊತ್ತೇ ಮರ್ಯಾದಸ್ಥರು ನೇಣಿನ ಹಗ್ಗ ಹುಡುಕುತ್ತಾರೆ. ಸಾವಿರಾರು ಕೋಟಿ ಮುಳುಗಿಸಿ ವಿದೇಶಕ್ಕೆ ಹಾರಿದವರಿಗೆ ಮಾತ್ರ ಹರಿಶ್ಚಂದ್ರ ಎಂದೂ ಕನಸಿನಲ್ಲಿ ಬಂದಂತಿಲ್ಲ.

ನ್ಯಾಯಾಲಯ ಈ ಎರಡನ್ನು ಬೇರೆ ಮಾಡಿ ನೋಡಿದೆ. 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರಿದ್ದ ಸುಪ್ರೀಂ ಕೋರ್ಟಿನ ಪೀಠ, ಡಿಕ್ರಿಯ ಹಣ ಕಟ್ಟಲಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಜೈಲಿಗೆ ಹಾಕಕೂಡದು ಎಂದಿತು. ಕಟ್ಟುವ ಶಕ್ತಿಯಿದ್ದೂ ದುರುದ್ದೇಶದಿಂದ ಕಟ್ಟದಿದ್ದರೆ ಮಾತ್ರ ಆ ಮಾತು. ಬಡತನ ಅಪರಾಧವಲ್ಲ ಎಂಬುದು ಆ ತೀರ್ಪಿನ ತಿರುಳು.

ಧರ್ಮಶಾಸ್ತ್ರವೂ ಈ ವ್ಯತ್ಯಾಸವನ್ನು ಬಲ್ಲದು. ಸಾಲಗಾರ ಕಷ್ಟದಲ್ಲಿದ್ದರೆ ಅವನಿಗೆ ಅನುಕೂಲವಾಗುವವರೆಗೆ ಕಾಲಾವಕಾಶ ಕೊಡಬೇಕೆಂದೂ, ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದೆಂದೂ ಕುರ್‌ಆನ್‌ನ ಎರಡನೆಯ ಅಧ್ಯಾಯದಲ್ಲಿ ನಿರ್ದೇಶನವಿದೆ. ಉಳ್ಳವನು ಸಾಲ ತೀರಿಸಲು ಸತಾಯಿಸುವುದನ್ನು ಪ್ರವಾದಿ ಅನ್ಯಾಯವೆಂದು ಕರೆದರು. ಸಾಲವನ್ನು ಹಗುರವಾಗಿ ಕಾಣುವ ಬೋಧನೆ ಇದಲ್ಲ. ಸಾಲ ಬಿಟ್ಟು ಸತ್ತವನ ಜನಾಝಾ ನಮಾಝಿಗೆ ಪ್ರವಾದಿ ತಾವು ನಿಲ್ಲದೆ ಹಿಂಜರಿದದ್ದೂ, ಸಂಗಡಿಗರೊಬ್ಬರು ಆ ಸಾಲದ ಹೊಣೆ ಹೊತ್ತ ಮೇಲೆ ನಮಾಝ್ ನಡೆಸಿದ್ದೂ ಹದೀಸ್‌ಗಳಲ್ಲಿ ಬರುತ್ತದೆ. ಸಾಲ ಭಾರವಾದದ್ದು, ಆದ್ದರಿಂದಲೇ ಅದನ್ನು ಒಬ್ಬನ ತಲೆಯ ಮೇಲೆ ಬಿಡಬಾರದು ಎಂಬುದು ಆ ಘಟನೆಯ ಅರ್ಥ. ಝಕಾತ್ ಪಡೆಯಲು ಅರ್ಹರಾದ ಎಂಟು ವರ್ಗಗಳಲ್ಲಿ ಸಾಲದಲ್ಲಿ ಮುಳುಗಿದವರದೂ ಒಂದು. ಹೀಗಿದ್ದರೂ ನಮ್ಮ ರಮಝಾನಿನ ಝಕಾತಿನಲ್ಲಿ ಆ ವರ್ಗಕ್ಕೆ ಸಿಗುವ ಪಾಲೆಷ್ಟು? ಭಿಕ್ಷೆ ಬೇಡುವ ಕೈ ಬಾಗಿಲಿಗೆ ಬರುತ್ತದೆ, ಮನೆ ಹರಾಜಾದ ಮೇಷ್ಟ್ರು ಬರುವುದಿಲ್ಲ. ಅವರನ್ನು ನಾವೇ ಹುಡುಕಿಕೊಂಡು ಹೋಗಬೇಕು. ಸೀರೆ, ಅಕ್ಕಿ ಹಂಚುವ ಫೋಟೋದಲ್ಲಿ ಸಾಲಗಾರನಿಗೆ ಜಾಗವಿಲ್ಲ.

ರಾಘವಾಂಕನ ಕಾವ್ಯದಲ್ಲಿ ಬಹಳ ಹೆಸರಾದ ಭಾಗ ಹರಿಶ್ಚಂದ್ರ ಅಯೋಧ್ಯೆ ಬಿಡುವಾಗಿನ ಪುರಜನರ ದುಃಖ. ಅದನ್ನು ಓದಿ ಕಣ್ಣು ಒದ್ದೆಯಾಗದವರಿಲ್ಲ. ಊರಿಗೆ ಊರೇ ಅಳುತ್ತದೆ. ಆದರೆ ಅಳುವುದಕ್ಕಿಂತ ಹೆಚ್ಚಿನದನ್ನು ಆ ಊರು ಮಾಡಲಾರದು. ಏಕೆಂದರೆ ಊರೇ ಈಗ ಸಾಲ ಕೇಳುವವನ ಸೊತ್ತು. ಕವಿಯ ಈ ಒಳನೋಟ ದೊಡ್ಡದು. ನಮಗೆ ಮಾತ್ರ ಆ ನೆಪವಿಲ್ಲ. ನಮ್ಮ ಬೀದಿ ಇನ್ನೂ ನಮ್ಮದೇ. ಆದರೂ ಮನೆ ಖಾಲಿ ಮಾಡುವ ಕುಟುಂಬ ಟೆಂಪೋಗೆ ಪಾತ್ರೆ ತುಂಬುವಾಗ ನೆರೆಯವರು ಕಿಟಕಿಯ ಪರದೆ ಸರಿಸಿ ನೋಡುತ್ತಾರೆ, ‘ಪಾಪ’ ಎನ್ನುತ್ತಾರೆ, ಎಷ್ಟು ಸಾಲವಂತೆ ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ.

ಇಂಥ ಕುಟುಂಬಕ್ಕೆ ಬೇಕಾದದ್ದು ಉಪದೇಶವಲ್ಲ. ಮೊದಲಿಗೆ, ಯಾರಿಗೆ ಎಷ್ಟು ಕೊಡಬೇಕು, ಅದರಲ್ಲಿ ಅಸಲೆಷ್ಟು ಬಡ್ಡಿಯೆಷ್ಟು ಎಂದು ಮನೆಯವರೆಲ್ಲ ಕೂತು ಬರೆಯುವಾಗ ಜೊತೆಗೆ ಕೂರುವ ಒಬ್ಬ ಹಿರಿಯ ಬೇಕು. ಹಳೆಯ ಸಾಲಕ್ಕೆ ಮೀಟರ್ ಬಡ್ಡಿಯ ಹೊಸ ಸಾಲ ತರಬೇಡ ಎಂದು ಕೈ ಹಿಡಿಯುವವರು ಬೇಕು. ಬ್ಯಾಂಕಿಗೆ ಒಬ್ಬಂಟಿಯಾಗಿ ಹೋಗಿ ತಲೆ ತಗ್ಗಿಸಿ ಬರುವ ಬದಲು ಜೊತೆಗೆ ಹೋಗಿ ಒಂದೇ ಸಲದ ತೀರುವಳಿಗೆ ಮಾತಾಡುವವರು ಬೇಕು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೂ ಬಡವರಿಗೂ ಉಚಿತ ವಕೀಲರು ಸಿಗುತ್ತಾರೆ, ಲೋಕ ಅದಾಲತ್ತಿನಲ್ಲಿ ಬ್ಯಾಂಕ್ ಸಾಲಗಳೂ ರಾಜಿಯಾಗುತ್ತವೆ. ಇದನ್ನು ತಿಳಿಸಲು ಮಸೀದಿಯ ಜಮಾಅತ್, ಗುಡಿಯ ಸಮಿತಿ, ಬಡಾವಣೆಯ ಸಂಘಗಳಿಗೆ ದೊಡ್ಡ ಬಂಡವಾಳ ಬೇಡ. ಭೋಗ್ಯಕ್ಕೆ ಹೋಗುವ ಮೊದಲು ಆ ಮನೆಯ ಮೇಲಿನ ಋಣಭಾರ ಪತ್ರ ತೆಗೆಸಿ ನೋಡು, ಕರಾರನ್ನು ನೋಂದಣಿ ಮಾಡಿಸು ಎಂದು ಹೇಳಲು ಅಷ್ಟೂ ಬೇಡ.

ಸಾಲ ಕೊಟ್ಟವರ ಹಕ್ಕನ್ನು ನಾವು ಅಲ್ಲಗಳೆಯುತ್ತಿಲ್ಲ. ಕೊಟ್ಟವರಲ್ಲಿಯೂ ಕೈಸಾಲ ಕೊಟ್ಟು ಕೆಟ್ಟ ಬಡವರಿದ್ದಾರೆ. ಮಾತಿಗೆ ತಪ್ಪದಿರುವುದು ದೊಡ್ಡ ಗುಣ, ಅದಕ್ಕಾಗಿ ಹರಿಶ್ಚಂದ್ರ ನಮ್ಮ ಗೌರವಕ್ಕೆ ಅರ್ಹ. ಆದರೆ ಒಂದು ಸಮಾಜ ಹರಿಶ್ಚಂದ್ರನನ್ನು ಹೊಗಳುತ್ತ ಅವನ ಮಗನನ್ನು ಮಾರಾಟಕ್ಕೆ ನಿಲ್ಲಿಸಿದರೆ ಆ ಹೊಗಳಿಕೆಗೆ ಅರ್ಥವೇನು? ಬೆಂಗಳೂರಿನಲ್ಲಿ ಹರಿಶ್ಚಂದ್ರನ ಹೆಸರು ಒಂದು ಸುಡುಗಾಡಿಗೆ ಉಳಿದಿದೆ. ಸಾಲದಲ್ಲಿ ಮುಳುಗಿದವನಿಗೆ ನಾವು ತೋರಿಸುವ ದಾರಿ ಅಲ್ಲಿಗೇ ಮುಗಿಯಬಾರದು. ಅವನಿಗೆ ಕಾಲಾವಕಾಶ ಕೊಡಬೇಕು, ಅವನ ಮಾನ ಕಾಯಬೇಕು, ಮತ್ತೆ ಬಾಡಿಗೆಗೊಂದು ಮನೆ ಸಿಗುವಂತೆ ಮಾಡಬೇಕು. ಸತ್ಯದ ಪರೀಕ್ಷೆ ಇರುವುದಾದರೆ ಅದು ಇನ್ನು ಮುಂದೆ ಸಾಲಗಾರನಿಗೆ ಮಾತ್ರ ಇರಬಾರದು. ಸಾಲ ಕೊಟ್ಟವರಿಗೂ ಪಕ್ಕದ ಮನೆಯವರಿಗೂ ಇರಲಿ.